ಜಿಯಾಗ್ರಫಿ ಓದಿ ಮುಂದೆ ಏನ್ಮಾಡ್ತಾಳೆ ಮೇಡಂ?

(ಗುರುತು ಸಿಗದ ಹಾಗೆ ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ. ಮುಂದೆ ಏನು ಓದಿಸಬೇಕು ಎಂದು ಸಲಹೆ ಕೇಳಲು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಯಿಂದ ಅಪ್ಪ, ಮಗಳು ಚಿತ್ರದುರ್ಗಕ್ಕೆ ನನ್ನ ಹತ್ತಿರ ಬಂದಿದ್ದರು. ಹುಡುಗಿಯನ್ನು ಸವಿತಾ ಎನ್ನೋಣ. ಸಮಾಜ ವಿಜ್ಞಾನದಲ್ಲಿ 96, ಗಣಿತದಲ್ಲಿ 52. ಅಪ್ಪ ಆಗಲೇ ಒಂದು ಕಾಲೇಜಿನಲ್ಲಿ ಸೈನ್ಸ್ ಸೀಟು ಮಾತಾಡಿ ಅಡ್ವಾನ್ಸ್ ಕೊಟ್ಟಿದ್ದರು. ಆರ್ಟ್ಸ್ ಸೇರಿ ಭೂಗೋಳ ಓದಬೇಕು ಎಂದಿದ್ದ ಮಗಳು ಮೂರು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ.

"ಆರ್ಟ್ಸ್ ಅಂದ್ರೆ ದಡ್ಡರಿಗೆ ಅಂತಾರೆ. ಜಿಯಾಗ್ರಫಿ ಓದಿ ಮುಂದೆ ಏನ್ಮಾಡ್ತಾಳೆ ಮೇಡಂ? ಟೀಚರ್ ಕೆಲಸ ಬಿಟ್ರೆ ಏನಿದೆ?" ಎಂದರು ಅಪ್ಪ.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಕೇಳಿದ ತಕ್ಷಣ ಕೆಲಸಗಳ ಪಟ್ಟಿ ಒಪ್ಪಿಸಲು ಶುರು ಮಾಡಿದೆ. ಅಪ್ಪ ಸುಮ್ನೆ ತಲೆಯಾಡಿಸಿದರು. ಮಗಳು ನೆಲ ನೋಡುತ್ತಾ ಕೂತಳು. ಅರ್ಧಕ್ಕೇ ನಿಲ್ಲಿಸಿ ಅವಳನ್ನು ಕೇಳಿದೆ: "ಭೂಗೋಳದಲ್ಲಿ ನಿನಗೆ ಯಾವ ಪಾಠ ಇಷ್ಟ?"

"ಪಾಠ ಅಲ್ಲ ಮೇಡಂ, ಮಾರಿಕಣಿವೆ ಡ್ಯಾಂ."

ಮಾರಿಕಣಿವೆ ಅಂದರೆ ವಾಣಿವಿಲಾಸ ಸಾಗರ. 2022ರಲ್ಲಿ ಅದು ಕೋಡಿ ಬಿದ್ದಿತ್ತಲ್ಲ, 1933 ಆದಮೇಲೆ ಅದೇ ಮೊದಲು. ಮನೆಯವರೆಲ್ಲ ಹಿರಿಯೂರಿಗೆ ಹೋಗಿ ನೋಡಿ ಬಂದಿದ್ದರು. ಇಷ್ಟು ನೀರು ಎಲ್ಲಿಂದ ಬಂತು ಎಂದು ಇವಳು ನಕ್ಷೆಯಲ್ಲಿ ವೇದಾವತಿಯನ್ನು ಹಿಡಿದು ಹಿಂದಕ್ಕೆ ಹೋಗಿದ್ದಳು. ಕಡೂರು ದಾಟಿ ಬಾಬಾಬುಡನ್‌ಗಿರಿ ತನಕ. ಆಮೇಲೆ ಪ್ರಶ್ನೆಗಳು ನಿಲ್ಲಲೇ ಇಲ್ಲ. ಜಿಲ್ಲೆಯ ಪಶ್ಚಿಮಕ್ಕಿರುವ ಹೊಳಲ್ಕೆರೆಯಲ್ಲಿ ಅಡಿಕೆ ಬೆಳೆಯುತ್ತೆ, ನಮ್ಮಲ್ಲಿ ಶೇಂಗಾ ಬಿಟ್ಟರೆ ಬೇರೆ ಯಾಕೆ ಕಷ್ಟ? ಪಶ್ಚಿಮ ಘಟ್ಟಕ್ಕೆ ಬಡಿದು ಮಳೆ ಸುರಿಸಿದ ಮೋಡ ಪೂರ್ವಕ್ಕೆ ಬರುತ್ತಾ ಬರುತ್ತಾ ಬರಿದಾಗುತ್ತದೆ ಎಂದು ಅವಳೇ ಅಪ್ಪನಿಗೆ ವಿವರಿಸಿದಳು. ಅವರು ಮಗಳ ಮುಖವನ್ನೇ ನೋಡುತ್ತಿದ್ದರು. ನಾಲ್ಕು ಬೋರ್‌ವೆಲ್ ಕೊರೆಸಿ ಮೂರು ಕಳೆದುಕೊಂಡವರು ಅವರು.

ಅವತ್ತು ಸಲಹೆ ಏನೂ ಕೊಡಲಿಲ್ಲ, ಒಂದು ಕೆಲಸ ಕೊಟ್ಟೆ. ಎರಡು ವಾರದಲ್ಲಿ ಊರಿನ ಕೆರೆ, ಹಳ್ಳ, ಬೋರ್‌ವೆಲ್‌ಗಳ ನಕ್ಷೆ ಬರೆದು ತರಬೇಕು. ಅಪ್ಪ ಜೊತೆಗೆ ಓಡಾಡಬೇಕು. ಯಾವ ಹೊಲ ಯಾವ ಸರ್ವೆ ನಂಬರು ಎಂದು ತಿಳಿಯಲು ಅಪ್ಪನ ಫೋನಿಗೆ ದಿಶಾಂಕ್ ಆ್ಯಪ್ ಹಾಕಿಕೊಟ್ಟೆ.

ಡ್ರಾಯಿಂಗ್ ಶೀಟು ನಾಲ್ಕು ಮಡಿಕೆಯಾಗಿ ಬಂತು. ನೀರಿರುವ ಬೋರಿಗೆ ನೀಲಿ, ಬತ್ತಿದ್ದಕ್ಕೆ ಕೆಂಪು. ನೀಲಿ ಚುಕ್ಕೆಗಳು ಹೆಚ್ಚಾಗಿ ಕೆರೆ ಏರಿಯ ಕೆಳಗಿದ್ದವು. ದಿಬ್ಬದ ಕಡೆ ಬಹುತೇಕ ಕೆಂಪು. ಅವರ ಹೊಲ ದಿಬ್ಬದ ಮೇಲಿತ್ತು. "ಮೊದ್ಲೇ ಇದನ್ನ ನೋಡಿದ್ರೆ ಮೂರನೇದು ಕೊರೆಸ್ತಿರ್ಲಿಲ್ಲ" ಎಂದರು ಅಪ್ಪ. ಈ ವಿಷಯದಿಂದ ಏನು ಉಪಯೋಗ ಎಂದು ಅವರಿಗೆ ನಾನು ಮತ್ತೆ ಹೇಳಬೇಕಾಗಲಿಲ್ಲ.

ಆಮೇಲೆ ಕೂತು ನೇರವಾಗಿ ಮಾತಾಡಿದೆವು. ಮೊದಲು ಆಗದ್ದನ್ನು ಹೇಳಿದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಹತ್ತಿರ ಇಸ್ರೋ ಬಂದಿದೆ, ಅಲ್ಲಿ ಕೆಲಸ ಸಿಗುತ್ತಾ ಎಂದು ಅಪ್ಪನಿಗೆ ಆಸೆ. ವಿಜ್ಞಾನಿ ಹುದ್ದೆಗೆ ಎಂಜಿನಿಯರಿಂಗ್ ಅಥವಾ ವಿಜ್ಞಾನದ ಸ್ನಾತಕೋತ್ತರ ಪದವಿ ಕೇಳುತ್ತಾರೆ, ಬಿಎ ಮೇಲೆ ಅದು ಆಗುವುದಿಲ್ಲ ಎಂದೆ. ಸರ್ಕಾರಿ ಭೂಮಾಪಕರ ಹುದ್ದೆಗೂ ಸಾಮಾನ್ಯವಾಗಿ ಸೈನ್ಸ್ ಪಿಯುಸಿ, ಸಿವಿಲ್ ಡಿಪ್ಲೊಮಾ ಇಂಥದ್ದು ಬೇಕು.

ಆದರೆ ಭೂಗೋಳದ ಪದವಿ, ಅದರ ಮೇಲೆ ಎಂಎಸ್ಸಿ ಅಥವಾ ಜಿಯೋಇನ್ಫರ್ಮ್ಯಾಟಿಕ್ಸ್ (ಭೂಮಿಯ ಮಾಹಿತಿಯನ್ನು ಕಂಪ್ಯೂಟರ್‌ನಲ್ಲಿ ಬಳಸುವ ವಿಷಯ) ಓದಿದವರಿಗೆ ದಾರಿ ಇದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ, ಮೈಸೂರಿನಲ್ಲಿ ಭೂಗೋಳ ವಿಭಾಗಗಳಿವೆ. ಉಪಗ್ರಹ ಚಿತ್ರ ಓದುವುದು, ಕಂಪ್ಯೂಟರ್‌ನಲ್ಲಿ ನಕ್ಷೆ ಮಾಡುವ ಜಿಐಎಸ್ ಕೆಲಸ, ನಗರ ಯೋಜನೆ, ನೀರಾವರಿ, ಪ್ರವಾಹ ಮತ್ತು ಬರದ ನಿರ್ವಹಣೆ, ಎಲ್ಲ ಕಡೆಯೂ ನಕ್ಷೆ ಗೊತ್ತಿರುವವರು ಬೇಕು. ಉಪಗ್ರಹ ಚಿತ್ರಗಳ ಕೆಲಸಕ್ಕೆಂದೇ ಬೆಂಗಳೂರಿನಲ್ಲಿ ರಾಜ್ಯದ ದೂರ ಸಂವೇದಿ ಅನ್ವಯಿಕ ಕೇಂದ್ರವೇ ಇದೆ. ಐಎಎಸ್, ಕೆಎಎಸ್ ಬರೆಯುವವರಿಗೂ ಭೂಗೋಳ ಕೈ ಹಿಡಿಯುತ್ತದೆ. ಇನ್ನು ಪಾಠ ಹೇಳುವ ಕೆಲಸ ಅಂತೂ ಇದ್ದೇ ಇದೆ, ಅದನ್ನು ಕಡಿಮೆ ಎಂದು ನಾನು ಒಪ್ಪುವುದಿಲ್ಲ.

ಸವಿತಾಗೂ ಒಂದು ಖಾರದ ಮಾತು ಹೇಳಬೇಕಿತ್ತು. "ಗಣಿತದಿಂದ ತಪ್ಪಿಸಿಕೊಳ್ಳೋಕೆ ಜಿಯಾಗ್ರಫಿ ತಗೋಬೇಡ. ನಕ್ಷೆಯ ಸ್ಕೇಲು, ಅಂಕಿಅಂಶ, ದುಂಡು ಭೂಮಿಯನ್ನ ಚಪ್ಪಟೆ ಹಾಳೆಗೆ ಇಳಿಸೋ ಪ್ರೊಜೆಕ್ಷನ್, ಎಲ್ಲದರಲ್ಲೂ ಅದೇ ಬರುತ್ತೆ. ದಿನಾ ಅರ್ಧ ಗಂಟೆ ಲೆಕ್ಕ ಮಾಡು." ನಕ್ಷೆ ಮಾಡಲು ಕ್ಯೂಜಿಐಎಸ್ ಎಂಬ ಉಚಿತ ಸಾಫ್ಟ್‌ವೇರ್ ಇದೆ, ಕಂಪ್ಯೂಟರ್ ಸಿಕ್ಕಾಗ ಕಲಿ ಎಂದೂ ಬರೆದುಕೊಟ್ಟೆ.

ಅಪ್ಪನಿಗೆ ಹೇಳಿದ್ದು ಇಷ್ಟು. ಅಡ್ವಾನ್ಸ್ ದುಡ್ಡು ವಾಪಸ್ ಬರದಿದ್ದರೂ ಪರವಾಗಿಲ್ಲ, ಅದಕ್ಕೋಸ್ಕರ ಮಗಳ ಎರಡು ವರ್ಷ ಕಟ್ಟಿಹಾಕಬೇಡಿ. ಅವಳೆದುರು "ದಡ್ಡರು" ಎಂಬ ಮಾತು ಬೇಡ. ಕಾಲೇಜು ಸೇರಿಸುವ ಮುಂಚೆ ಹೋಗಿ ಕೇಳಿ: ಭೂಗೋಳಕ್ಕೆ ಕಾಯಂ ಉಪನ್ಯಾಸಕರು ಇದ್ದಾರಾ? ಪ್ರಾಕ್ಟಿಕಲ್ ನಿಜವಾಗಿ ಮಾಡಿಸ್ತಾರಾ? ಎಲ್ಲ ಪಿಯು ಕಾಲೇಜಲ್ಲೂ ಈ ವಿಷಯ ಇರುವುದಿಲ್ಲ.

ಅವರು ಮೂರು ಕಾಲೇಜು ಸುತ್ತಿದರು. ಮೂರನೆಯದರಲ್ಲಿ ನಕ್ಷೆಗಳಿರುವ ಪ್ರಾಕ್ಟಿಕಲ್ ಕೋಣೆ ನೋಡಿ, ಅಲ್ಲೇ ಸೇರಿಸಿದರು. ಅಡ್ವಾನ್ಸ್‌ನಲ್ಲಿ ಅರ್ಧ ವಾಪಸ್ ಬಂತಂತೆ. ಮೊದಲ ಕಿರುಪರೀಕ್ಷೆಯಲ್ಲಿ ಸ್ಕೇಲಿನ ಲೆಕ್ಕದಲ್ಲೇ ಸವಿತಾ ತಪ್ಪಿದಳು. ಈಗ ಶನಿವಾರ ಮಧ್ಯಾಹ್ನ ಬಸ್ ಹತ್ತುವ ಮುಂಚೆ ನನ್ನ ಕೋಣೆಯಲ್ಲಿ ಕೂತು ಅದನ್ನೇ ಮತ್ತೆ ಮತ್ತೆ ಮಾಡುತ್ತಾಳೆ.