ರೋಗದ ಗುಂಪು ನೋಡಿ ಆಸ್ಪತ್ರೆಗೆ ಹಣ ಕೊಡುವ ಪದ್ಧತಿ ಎಡವುವುದೆಲ್ಲಿ?

ಒಂದು ರೋಗದ ಗುಂಪಿಗೆ ಇಂತಿಷ್ಟು ಎಂದು ಮೊದಲೇ ದರ ಗೊತ್ತುಮಾಡಿದರೆ ಅನಗತ್ಯ ಪರೀಕ್ಷೆಗಳು ತಾವಾಗಿ ನಿಲ್ಲುತ್ತವೆ, ಇದನ್ನು ಜಾರಿಗೆ ತರಲು ಕಷ್ಟವೇನು ಎಂದು ಕೇಳಿದ್ದೀರಿ. ನಾನು ಆಸ್ಪತ್ರೆಯ ವೈದ್ಯಕೀಯ ದಾಖಲೆ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನನ್ನ ಮಟ್ಟಿಗೆ, ದರ ಕಟ್ಟುವುದಕ್ಕಿಂತ ಕಷ್ಟವಾದದ್ದು ಯಾವ ರೋಗಿ ಯಾವ ಗುಂಪಿಗೆ ಸೇರುತ್ತಾನೆಂದು ನಿರ್ಧರಿಸುವುದು.

ಡಿಆರ್‌ಜಿ (ಡಯಾಗ್ನೋಸಿಸ್ ರಿಲೇಟೆಡ್ ಗ್ರೂಪ್, ಅಂದರೆ ರೋಗನಿರ್ಣಯ ನೋಡಿ ಕಟ್ಟಿದ ಗುಂಪು) ಎಂಬ ಈ ವರ್ಗೀಕರಣವನ್ನು ಯೇಲ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಫೆಟರ್ ಮತ್ತು ಜಾನ್ ಥಾಂಪ್ಸನ್ ರೂಪಿಸಿದ್ದು ಆಸ್ಪತ್ರೆಗಳ ಕೆಲಸವನ್ನು ಅಳೆದು ಹೋಲಿಸುವುದಕ್ಕೆ. 1983ರಲ್ಲಿ ಅಮೆರಿಕದ ಮೆಡಿಕೇರ್ ವಿಮೆ ಅದನ್ನೇ ಪಾವತಿಗೆ ಬಳಸತೊಡಗಿತು. ಅಲ್ಲಿಗೆ ಕೇಸ್ ಶೀಟಿನ ಒಂದೊಂದು ಸಾಲಿಗೂ ಬೆಲೆ ಬಂತು. ನ್ಯುಮೋನಿಯಾ ಎಂದು ಬರೆದರೆ ಒಂದು ದರ, ಸೋಂಕು ರಕ್ತಕ್ಕೇರಿ ನಂಜಾಗಿದೆ ಎಂದು ಬರೆದರೆ ಅದಕ್ಕಿಂತ ಹೆಚ್ಚಿನ ದರ. ಜರ್ಮನಿಯಲ್ಲಿ ನವಜಾತ ಶಿಶುವಿನ ತೂಕ ಒಂದು ಗಡಿಗಿಂತ ಕಡಿಮೆಯಿದ್ದರೆ ಹಣ ಹೆಚ್ಚು. ಪದ್ಧತಿ ಬಂದ ಮೇಲೆ ಗಡಿಯ ಸ್ವಲ್ಪ ಕೆಳಗೆ ದಾಖಲಾದ ಶಿಶುಗಳು ಅಸಹಜವಾಗಿ ಹೆಚ್ಚಿದ್ದನ್ನು ಸಂಶೋಧಕರು ಪತ್ತೆಹಚ್ಚಿದರು.

ಮೋಸದ ಮಾತನ್ನಷ್ಟೇ ಆಡಿದರೆ ಅರ್ಧ ಹೇಳಿದಂತೆ. ರೋಗಿಯ ಮೂತ್ರಪಿಂಡ ಕೈಕೊಟ್ಟು ಚಿಕಿತ್ಸೆ ಕೊಟ್ಟಿರುತ್ತಾರೆ, ಬಿಡುಗಡೆ ಸಾರಾಂಶದಲ್ಲಿ ಅದರ ಸುದ್ದಿಯೇ ಇರುವುದಿಲ್ಲ. ಬರೆಯದ್ದಕ್ಕೆ ಕೋಡ್, ಅಂದರೆ ಗುಂಪನ್ನು ನಿರ್ಧರಿಸುವ ರೋಗದ ಸಂಕೇತ, ಹಾಕುವಂತಿಲ್ಲ, ಹಣವೂ ಇಲ್ಲ. ಪ್ರಾಮಾಣಿಕ ಆಸ್ಪತ್ರೆಗಳು ಹೀಗೆ ನಷ್ಟ ಅನುಭವಿಸುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ಇನ್ನು ದರವೆಂದರೆ ಸರಾಸರಿ. ಜಟಿಲ ರೋಗಿಗಳೇ ಹೆಚ್ಚು ಬರುವ ದೊಡ್ಡ ಆಸ್ಪತ್ರೆಗೆ ಅದು ಸಾಲದು. ಅದಕ್ಕಾಗಿ ಮೆಡಿಕೇರ್ 2008ನೇ ಹಣಕಾಸು ವರ್ಷದಿಂದ ತೀವ್ರತೆಗೆ ತಕ್ಕ ಗುಂಪುಗಳನ್ನು ತಂದಿತು. ಆದರೆ ಗುಂಪುಗಳನ್ನು ಒಡೆಯುತ್ತಾ ಹೋದಷ್ಟೂ ಒಂದೊಂದರಲ್ಲಿ ಉಳಿಯುವ ರೋಗಿಗಳು ಕಡಿಮೆ, ಸರಾಸರಿಯ ಮೇಲೆ ಭರವಸೆ ಕಡಿಮೆ, ಹೆಚ್ಚಿನ ದರದ ಕೋಡ್ ಹಾಕುವ ಆಸೆಗೆ ಮೆಟ್ಟಿಲು ಹೆಚ್ಚು.

ರೋಗಿಯನ್ನು ಬೇಗ ಮನೆಗೆ ಕಳಿಸುವ ಒತ್ತಡ, ಹೆರಿಗೆಗಳು ಕಡಿಮೆಯಿದ್ದರೂ ಹೆರಿಗೆ ವಾರ್ಡನ್ನು ಹಗಲಿರುಳು ಸಜ್ಜಾಗಿಡುವ ಸಣ್ಣ ಆಸ್ಪತ್ರೆಯ ಸ್ಥಿರ ಖರ್ಚು, ಇವೂ ಇವೆ. ಖರ್ಚು ಉಳಿಸಲು ಹೊರಟಾಗ ಮೊದಲು ಕತ್ತರಿ ಬೀಳುವುದು ದಾದಿಯರ ಸಂಖ್ಯೆಗೆ. ಜರ್ಮನಿ 2020ರಲ್ಲಿ ವಾರ್ಡಿನ ಶುಶ್ರೂಷೆಯ ವೆಚ್ಚವನ್ನು ಈ ದರದಿಂದ ಹೊರತೆಗೆದು ಬೇರೆಯಾಗಿ ಕೊಡತೊಡಗಿತು.

ನನ್ನನ್ನು ಕೇಳಿದರೆ, ಹಣದ ಲೆಕ್ಕ ಬದಲಿಸುವ ಮೊದಲು ಕೋಡಿಂಗ್ ಬಲ್ಲ ಸಿಬ್ಬಂದಿಯನ್ನು ತಯಾರು ಮಾಡಿ, ನಿಜವಾದ ವೆಚ್ಚದ ಅಂಕಿ ಅಂಶಗಳನ್ನು ಸಂಗ್ರಹಿಸಬೇಕು. ಲೆಕ್ಕ ತಪಾಸಣೆಯು ಹೆಚ್ಚು ಪಡೆದದ್ದನ್ನು ವಸೂಲು ಮಾಡುವಂತೆಯೇ, ಕೋಡ್ ತಪ್ಪಿ ಬಾರದೆ ಹೋದ ಹಣವನ್ನು ಆಸ್ಪತ್ರೆಗೆ ಕೊಡಿಸಲೂ ಬೇಕು.