ಕವರ್ ಬ್ಯಾಂಡಿನಲ್ಲಿ ಬಾಸ್ ಗಿಟಾರ್ ಯಾರಿಗೂ ಕೇಳಿಸುವುದಿಲ್ಲವಂತೆ, ಆದರೂ ಕಲಿಯಬೇಕಾ?

ಕಾಲೇಜು ಗೆಳೆಯರ ಕವರ್ ಬ್ಯಾಂಡ್, ಅಂದರೆ ಬೇರೆಯವರ ಹಾಡು ಬಾರಿಸುವ ತಂಡ, ಗಿಟಾರಿನವರು ಇಬ್ಬರಾಗಿದ್ದಾರೆ, ಒಬ್ಬ ಬಾಸ್‌ಗೆ, ಅಂದರೆ ಕೆಳದನಿಯ ಗಿಟಾರಿಗೆ ಇಳಿಯಬೇಕು, ಆ ಒಬ್ಬ ನೀವು. ನಾಲ್ಕು ತಂತಿಯದು ಕೊಳ್ಳಲೋ ಐದರದೋ ಅಂತ ಕೇಳಿ, ಜೊತೆಗೆ ‘ಹೇಗೂ ಕಲಬುರಗಿಯ ಪೆಂಡಾಲಿನಲ್ಲಿ ಬಾಸ್ ಯಾರಿಗೂ ಕೇಳಿಸಲ್ಲ’ ಅಂತ ಬೇರೆ ಬರೆದಿದ್ದೀರಿ. ನಾನು ಬಾಸ್ ಹಿಡಿದದ್ದೂ ಹೀಗೇ. ನಮ್ಮ ತಂಡದಲ್ಲಿ ನನಗಿಂತ ಚೆನ್ನಾಗಿ ಗಿಟಾರ್ ಬಾರಿಸುವವ ಒಬ್ಬನಿದ್ದ, ಅಷ್ಟೇ ಕಾರಣ. ಯಾರಿಗೂ ಕೇಳಿಸಲ್ಲ ಅನ್ನುವುದನ್ನು ನಂಬಿಕೊಂಡೇ ಕೆಟ್ಟೆ. ತಂತಿ ಎಷ್ಟು ಅನ್ನುವುದಕ್ಕೆ ಆಮೇಲೆ ಬರೋಣ.

ಬ್ಯಾಂಡ್ ಅನ್ನುವುದು ನಾವು ನಾವೇ ಅಂದುಕೊಂಡದ್ದು. ಇಲ್ಲಿ ಜನ ಆರ್ಕೆಸ್ಟ್ರಾ ಅನ್ನುತ್ತಾರೆ, ಪಾಂಪ್ಲೆಟ್‌ನಲ್ಲಿ ರಸಮಂಜರಿ ಅಂತ ಅಚ್ಚಾಗುತ್ತದೆ. ಎಲ್ಲರೂ ಹಗಲು ಬೇರೆ ಕೆಲಸದವರು. ಒಬ್ಬರು ಸಾಲಿ ಮಾಸ್ತರರು, ಒಬ್ಬ ಗಂಜ್‌ನ ಅಡತಿ ಅಂಗಡಿಯಲ್ಲಿ ತೊಗರಿ ಲೆಕ್ಕ ಬರೆಯುವವ, ಇನ್ನೊಬ್ಬ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ರೈಲು ಹತ್ತಿ ಬರುವವ. ಗಣಪತಿ, ದಸರಾ, ನಿಶ್ಚಯ, ಯಾರದೋ ನಿವೃತ್ತಿ ಸಮಾರಂಭ. ಅರ್ಧ ಹಿಂದಿ ಹಾಡು, ಅರ್ಧ ಕನ್ನಡ. ಸೇಡಂ ಕಡೆ ಹೋದರೆ ತೆಲುಗು ಇಲ್ಲದೆ ಬಿಡುವುದಿಲ್ಲ.

ಇಷ್ಟು ಹಾಡಿನ ಬಾಸ್ ಕೂತು ಕಲಿಯುವುದು ಯಾರಿಗೆ ಬೇಕು? ಕೀಬೋರ್ಡಿನ ಅಣ್ಣನ ಎಡಗಡೆ ನಿಂತು ಅವನ ಎಡಗೈ ನೋಡುತ್ತಿದ್ದೆ. ಅವನ ಬೆರಳು ಸಿ ಸ್ವರದ ಮೇಲೆ ಬಿದ್ದರೆ ನಾನು ಎ ತಂತಿಯ ಮೂರನೇ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿ). ಎಫ್‌ಗೆ ಹೋದರೆ ದಪ್ಪ ತಂತಿಯ ಮೊದಲನೇ ಫ್ರೆಟ್, ಜಿ ಅಂದರೆ ಅದರದೇ ಮೂರನೇದು, ಎ ಬಂದರೆ ಬೆರಳೇ ಬೇಡ, ಓಪನ್ ತಂತಿ. ಅವನು ಹೆಚ್ಚಿನ ಹಾಡುಗಳನ್ನು ಸಿಯನ್ನೇ ಸಾ ಮಾಡಿಕೊಂಡು ಬಾರಿಸುವವ, ಆದ್ದರಿಂದ ಈ ನಾಲ್ಕೈದು ಜಾಗದಲ್ಲಿ ನನ್ನ ಇಡೀ ಕಾರ್ಯಕ್ರಮ ಮುಗಿಯುತ್ತಿತ್ತು. ಜನ ಬಂದು ‘ಛಂದ್ ಬಾರ್ಸಿದ್ರಿ’ ಅಂದದ್ದೂ ಉಂಟು.

ಒಂದು ವರ್ಷ ಗಣಪತಿಗೆ ಶಹಾಬಾದಿನಿಂದ ಒಬ್ಬರು ಅಕ್ಕ ಹಾಡಲು ಬಂದಿದ್ದರು. ಅವರು ಹಾಡಬೇಕಿದ್ದ ಒಂದು ಹಾಡನ್ನು ಪ್ರಾಕ್ಟೀಸಿನಲ್ಲಿ ಹಾಡಿದ್ದು ನಮ್ಮ ಮಾಸ್ತರರು, ಸಫೇದ್ ಏಕ್‌ನಲ್ಲಿ, ಅಂದರೆ ಮೊದಲ ಬಿಳಿ ಮನೆ, ಸಿ. ಅಕ್ಕ ಬಂದವರೇ ‘ಕಾಳಿ ದೋ ಇಡ್ರಿ’ ಅಂದರು. ಹಾರ್ಮೋನಿಯಂ ಕಂಡವರಿಗೆ ಇದು ಗೊತ್ತು: ಎರಡನೇ ಕರಿ ಮನೆ, ಡಿ ಶಾರ್ಪ್, ಕರಿ ಬಿಳಿ ಎಲ್ಲ ಎಣಿಸಿದರೆ ಸಿಯಿಂದ ಮೂರು ಮನೆ ಮೇಲೆ. ಗಿಟಾರಿನವ ಕೇಪೋವನ್ನು, ಅಂದರೆ ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪನ್ನು, ಮೂರನೇ ಫ್ರೆಟ್ಟಿಗೆ ಹಾಕಿದ. ಕೀಬೋರ್ಡಿನ ಅಣ್ಣ ಟ್ರಾನ್ಸ್‌ಪೋಸ್ ಬಟನ್ ಮೂರು ಸಲ ಒತ್ತಿದ. ಆ ಹೊತ್ತಿಗೆ ನಾನು ಬಾಕ್ಸ್ ಹಿಂದೆ ಬಗ್ಗಿ, ಜನರೇಟರ್ ಲೈನಿನಿಂದ ಬರುವ ಹಮ್ ಎಲ್ಲಿಂದ ಅಂತ ವೈರು ಕೀಳುತ್ತಿದ್ದೆ. ಎದ್ದು ಬಂದು ನೋಡಿದರೆ ಅಣ್ಣನ ಎಡಗೈ ಎಂದಿನಂತೆ ಸಿ ಮೇಲೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರವಾದರೂ ಓದಿ. ಟ್ರಾನ್ಸ್‌ಪೋಸ್ ಮೂರಕ್ಕೆ ಇಟ್ಟಾಗ ಕೈ ಸಿ ಒತ್ತಿದರೂ ಹೊರಬರುವ ದನಿ ಡಿ ಶಾರ್ಪ್. ಗಿಟಾರಿನವನಿಗೂ ಹಾಗೆಯೇ, ಸಿ ಕಾರ್ಡ್ (ಒಟ್ಟಿಗೆ ಬಾರಿಸುವ ಸ್ವರಗಳ ಗುಂಪು) ಹಿಡಿದರೂ ಬರುವುದು ಡಿ ಶಾರ್ಪ್. ಬಾಸ್‌ಗೆ ಬಟನ್ನೂ ಇಲ್ಲ, ಕೇಪೋ ಹಾಕುವ ರೂಢಿಯೂ ಇಲ್ಲ. ಅಲ್ಲಿ ಸಿ ಅಂದರೆ ಸಿ. ಹಾಗಾಗಿ ಹಾಡಿನುದ್ದಕ್ಕೂ ನಾನು ಎಲ್ಲರಿಗಿಂತ ಮೂರು ಮನೆ ಕೆಳಗಿದ್ದೆ.

ಇದು ಆಗಲೇ ಕರ್ಕಶವಾಗಿ ಕೇಳಿದ್ದಿದ್ದರೆ ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದು ಬಚಾವಾಗುತ್ತಿದ್ದೆ. ಕೇಳಲಿಲ್ಲ. ಡಿ ಶಾರ್ಪ್ ಮೇಜರ್ ಕಾರ್ಡಿನ ಕೆಳಗೆ ಸಿ ಇಟ್ಟರೆ ಅದು ಸಿ ಮೈನರ್ ಸೆವೆಂತ್ ಆಗುತ್ತದೆ, ಅದೂ ಒಂದು ಚಂದದ ಕಾರ್ಡೇ. ನಮ್ಮ ಲೆಕ್ಕದಲ್ಲಿ ಹೇಳಿದರೆ ಅಕ್ಕನ ಸಾ ಕೆಳಗೆ ನಾನು ಶುದ್ಧ ಧಾ ಹಿಡಿದು ನಿಂತಿದ್ದೆ. ಮುಂದಿನ ಮೇಜರ್ ಕಾರ್ಡುಗಳಿಗೂ ಅದೇ ಗತಿ, ಒಂದೊಂದೂ ಮೈನರ್, ಅಂದರೆ ಅಳುಮೋರೆಯದು, ಆಗುತ್ತ ಹೋಯಿತು. ಮದುವೆ ಮನೆಯ ಕುಣಿತದ ಹಾಡು, ತಾಳ ಕುಣಿಯುತ್ತಿದೆ, ಒಳಗೆ ಮಾತ್ರ ಏನೋ ದುಃಖ. ಢೋಲಕ್ ಕಾಕಾ ನನ್ನ ಕಡೆ ವಾಲಿ, ‘ಯಾಕೋ ತಮ್ಮಾ, ಹಾಡ್ ಅಳಲತದಲ್ಲೋ’ ಅಂದ. ನಾನು ಸೌಂಡ್‌ನವನ ಕಡೆ ಕೈ ಮಾಡಿದೆ.

ಅಂತರಾದಲ್ಲಿ, ಅಂದರೆ ಚರಣದಲ್ಲಿ, ಎ ಮೈನರ್ ಬಂತು. ಅಣ್ಣನ ಕೈ ಎ ಮೈನರ್, ದನಿ ಸಿ ಮೈನರ್, ನನ್ನದು ಓಪನ್ ಎ. ಅಕ್ಕ ಅಲ್ಲಿ ಉದ್ದಕ್ಕೆ ಸಾ ಹಿಡಿಯಬೇಕು. ಅವರ ಡಿ ಶಾರ್ಪ್‌ಗೆ ನನ್ನ ಎ ಅಂದರೆ ನೇರ ತೀವ್ರ ಮಾ, ಸಾ ಜೊತೆ ಕೂಡದ್ದು. ಅವರ ದನಿ ಅಲುಗಾಡಿತು. ಅವರು ತಿರುಗಿ ನೋಡಿದ್ದು ನನ್ನನ್ನಲ್ಲ, ಕೀಬೋರ್ಡನ್ನು. ಅಣ್ಣ ಬಟನ್ ತಪ್ಪಿ ಒತ್ತಿದೆನೇನೋ ಅಂತ ಗಾಬರಿಯಾಗಿ ಅದನ್ನು ಬದಲಿಸಿದ. ಅಲ್ಲಿಗೆ ಗಿಟಾರೂ ಶ್ರುತಿಯಿಂದ ಹೊರಗಾಯಿತು. ಅಕ್ಕ ಮೈಕ್ ಇಳಿಸಿಬಿಟ್ಟರು. ಕಮಿಟಿಯವರು ಅದೇ ಮೈಕ್ ತಗೊಂಡು ಪಟ್ಟಿ (ವಂತಿಗೆ) ಕೊಟ್ಟವರ ಹೆಸರು ಓದಲು ಶುರುಮಾಡಿದರು.

ತಪ್ಪು ಯಾರದು ಅಂತ ಪತ್ತೆಯಾದದ್ದು ಸಾಮಾನು ಟೆಂಪೋಗೆ ಏರಿಸುವಾಗ. ಅಣ್ಣ ಬಯ್ಯಲಿಲ್ಲ. ‘ಇನ್ಮ್ಯಾಲ ಬಾಸ್ ನಾನೇ ಎಡಗೈಲೆ ಒತ್ತತೀನಿ. ಒಂದು ಹಿಸ್ಸೆನೂ ಉಳೀತದ’ ಅಂದ. ಆ ಹಂಗಾಮಿನ ಉಳಿದ ಕಾರ್ಯಕ್ರಮಗಳಿಗೆ ನನ್ನನ್ನು ಯಾರೂ ಕರೆಯಲಿಲ್ಲ.

ಈಗ ನಿಮ್ಮ ಮಾತಿಗೆ ಬರೋಣ. ಬಾಸ್ ಯಾರಿಗೂ ಕೇಳಿಸದಿದ್ದರೆ ಆ ಅಕ್ಕನ ದನಿ ಯಾಕೆ ಅಲುಗಾಡಿತು? ಎದುರಿಗೆ ಕೂತವರು ‘ಬಾಸ್ ಕೇಳಿತು’ ಅಂತ ಹೇಳುವುದಿಲ್ಲ ನಿಜ, ‘ಇವತ್ತು ಹಾಡು ಕೂಡಲಿಲ್ಲ’ ಅನ್ನುತ್ತಾರೆ. ಈ ವಾದ್ಯ ಬಂದದ್ದೇ ಕೇಳಿಸಲ್ಲ ಅನ್ನುವ ದೂರಿನಿಂದ. ಆಳೆತ್ತರದ ಡಬಲ್ ಬಾಸ್ ಹೊತ್ತುಕೊಂಡು ತಿರುಗುವುದೂ ಕಷ್ಟ, ಇತರ ವಾದ್ಯಗಳ ಸದ್ದಿನಲ್ಲಿ ಅದು ಮುಳುಗಿಯೂ ಹೋಗುತ್ತಿತ್ತು. ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬಾಸ್ ಹೊರತಂದದ್ದು ಅದಕ್ಕೆ. ಆರ್.ಡಿ. ಬರ್ಮನ್ ಜೊತೆ ಟೋನಿ ವಾಜ್, ಇಳಯರಾಜಾ ಜೊತೆ ಶಶಿಧರನ್ ಬಾರಿಸಿದ್ದನ್ನು ಒಮ್ಮೆ ಹೆಡ್‌ಫೋನ್ ಹಾಕಿ ಕೇಳಿ. ಮೊಬೈಲ್ ಸ್ಪೀಕರಿನಲ್ಲಿ ಕೇಳಬೇಡಿ, ಅದರಲ್ಲಿ ಬಾಸ್ ಹುಡುಕುತ್ತ ಕೂತರೆ ಸಿಗುವುದು ಊಹೆ ಮಾತ್ರ.

ತಂತಿ. ನಾಲ್ಕೇ ಸಾಕು, ಇದರಲ್ಲಿ ನನ್ನದು ಹಟ ಅಂದುಕೊಂಡರೂ ಸರಿ. ನಾಲ್ಕು ತಂತಿಯ ಬಾಸಿನಲ್ಲಿ ದಪ್ಪದ್ದು ಇ, ಅದರ ಕಂಪನ ಸೆಕೆಂಡಿಗೆ ಸುಮಾರು 41. ಐದನೆಯ ತಂತಿ ಬಿ, ಅದು 31. ನಮ್ಮ ಓಣಿ ಪೆಂಡಾಲಿನ ಬಾಕ್ಸುಗಳಿಗೆ 41 ಹೊರಡಿಸುವುದೇ ಕಷ್ಟ. ಕಿವಿಗೆ ಬೀಳುವುದು ಹೆಚ್ಚಾಗಿ ಅದರ ಎರಡರಷ್ಟು, ಮೂರರಷ್ಟರ ದನಿ, ಕೆಳಗಿನದನ್ನು ಕಿವಿ ತಾನೇ ತುಂಬಿಕೊಳ್ಳುತ್ತದೆ. 31ಕ್ಕೆ ದುಡ್ಡು ಸುರಿದರೆ ಲಾಭ ತಂತಿ ಮಾರುವವನಿಗೆ. ‘ಕಾಳಿ ದೋಗೆ ಇ ತಂತಿಗಿಂತ ಕೆಳಗಿನ ಡಿ ಶಾರ್ಪ್ ಬೇಕಲ್ಲ’ ಅಂತ ಯಾರಾದರೂ ಹೆದರಿಸಬಹುದು. ಬೇಕಿಲ್ಲ, ಎ ತಂತಿಯ ಆರನೇ ಫ್ರೆಟ್ಟಿನಲ್ಲಿ ಮೇಲಿನ ಡಿ ಶಾರ್ಪ್ ಇದೆ, ಪೆಂಡಾಲಿನಲ್ಲಿ ಅದೇ ಹೆಚ್ಚು ಸ್ಪಷ್ಟ.

ನಾನು ಮತ್ತೆ ತಂಡಕ್ಕೆ ಬಂದ ದಾರಿ ಯೂಟ್ಯೂಬ್ ಅಲ್ಲ, ಭಜನೆ. ನಮ್ಮ ಓಣಿಯ ಗುಡಿಯಲ್ಲಿ ಅಮಾವಾಸ್ಯೆಗೆ ರಾತ್ರಿಯಿಡೀ ಭಜನೆ. ಕಡಕೋಳ ಮಡಿವಾಳಪ್ಪನವರ ತತ್ವಪದಗಳಿಂದ ಹಿಡಿದು ವಚನದವರೆಗೆ ಎಲ್ಲ ಬರುತ್ತದೆ. ಹಾರ್ಮೋನಿಯಂ ಹಳೆಯದು, ಬಟನ್ ಇಲ್ಲದ್ದು. ಕೈ ಎಲ್ಲಿದೆಯೋ ದನಿ ಅಲ್ಲೇ. ಮೂಲೆಯಲ್ಲಿ ಕೂತು ಬಾಸನ್ನು ಯಾವುದಕ್ಕೂ ಸಿಕ್ಕಿಸದೆ, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಬಾರಿಸುತ್ತಿದ್ದೆ. ಪದ ಬದಲಾದಂತೆ ಹಾಡುವವರು ಬದಲಾಗುತ್ತಾರೆ, ಅವರ ಜೊತೆ ಸಾ ಬದಲಾಗುತ್ತದೆ. ಒಬ್ಬರಿಗೆ ಕಾಳಿ ಏಕ್, ಇನ್ನೊಬ್ಬರಿಗೆ ಸಫೇದ್ ಚಾರ್. ಸಾ ಎಲ್ಲಿ ಅಂತ ಕಣ್ಣು ಮುಚ್ಚಿ ಹುಡುಕುವುದು, ಸಿಕ್ಕ ಮೇಲೆ ಪಾ ಎಲ್ಲಿ, ಮಾ ಎಲ್ಲಿ. ಹಾರ್ಮೋನಿಯಂ ಅಜ್ಜ ಮೊದಲು ನನ್ನ ಬಾಸ್ ಕಂಡು ‘ಇದೇನ್ ತಂಬೂರಿಯೇನೋ’ ಅಂದಿದ್ದರು. ಆಮೇಲೆ ಅವರೇ ಮುಂದಿನ ಪದಕ್ಕೆ ಮೊದಲು ನನ್ನ ಕಡೆ ನೋಡಿ ಸಾ ಒಂದನ್ನೇ ಒತ್ತಿ ಹಿಡಿಯುತ್ತಿದ್ದರು.

ಅಲ್ಲಿ ಓಪನ್ ತಂತಿ ಬಳಸದೆ ಬಾರಿಸುವುದು ಕಲಿತೆ. ಬಾಸಿನಲ್ಲಿ ಒಂದು ಫ್ರೆಟ್ ಅಂದರೆ ಒಂದು ಮನೆ. ಬೆರಳಿಟ್ಟೇ ಬಾರಿಸುವ ಹಾಡು ಕಾಳಿ ದೋಗೆ ಹೋದರೆ ಇಡೀ ಕೈ ಮೂರು ಫ್ರೆಟ್ ಮೇಲೆ ಜರುಗುತ್ತದೆ, ಬೆರಳಿನ ಆಕಾರ ಬದಲಾಗುವುದಿಲ್ಲ. ಓಪನ್ ತಂತಿ ಒಂದಿದ್ದರೂ ಆ ಜಾರಾಟ ಮುಗಿಯಿತು. ಪುಸ್ತಕಗಳು ಮೊದಲ ಪಾಠದಲ್ಲೇ ಓಪನ್ ತಂತಿ ಹೇಳಿಕೊಡುತ್ತವೆ, ಅದು ಶ್ರುತಿ ಬದಲಾಗದ ಊರಿಗೆ ಸರಿ. ಇಲ್ಲಿ ಯಾರ ಅತ್ತೆ ಮಗಳು ಯಾವಾಗ ವೇದಿಕೆ ಹತ್ತಿ ಯಾವ ಶ್ರುತಿ ಕೇಳುತ್ತಾಳೆ ಅಂತ ಯಾರಿಗೂ ಗೊತ್ತಿರುವುದಿಲ್ಲ.

ಅಣ್ಣನ ಎಡಗೈ ಬಾಸ್ ಏನಾಯಿತು ಅಂದರೆ, ಬಲಗೈ ಮ್ಯೂಸಿಕ್ ಬಿಟ್ ಜೋರಾದಾಗಲೆಲ್ಲ ಎಡಗೈ ಹಿಂದೆ ಬೀಳುತ್ತಿತ್ತು. ಆಕ್ಟೋಪ್ಯಾಡ್ (ಕೋಲಿನಿಂದ ಬಾರಿಸುವ ಎಲೆಕ್ಟ್ರಾನಿಕ್ ತಾಳವಾದ್ಯ) ಹುಡುಗನಿಗೆ ಅದು ಸಿಟ್ಟು. ನನ್ನನ್ನು ವಾಪಸ್ ಕರೆಸಿದ್ದೇ ಅವನು. ಆದ್ದರಿಂದ ನಿಮಗೆ ಹೇಳುವುದು: ಕೀಬೋರ್ಡಿನ ಪಕ್ಕ ನಿಲ್ಲಬೇಡಿ, ಆಕ್ಟೋಪ್ಯಾಡ್ ಅಥವಾ ಡ್ರಮ್ಸ್ ಪಕ್ಕ ನಿಲ್ಲಿ. ಅವನ ಕಿಕ್, ಅಂದರೆ ದಪ್ಪ ಡ್ರಮ್ಮಿನ ಏಟು, ಬೀಳುವ ಕಡೆ ನಿಮ್ಮ ತಂತಿ ಬೀಳಬೇಕು. ಹಾಡಿಗೆ ಮೊದಲು ಕೀಬೋರ್ಡಿನವರಿಗೆ ‘ಕೈ ಎಲ್ಲಿ, ದನಿ ಎಲ್ಲಿ?’ ಅಂತ ಎರಡೂ ಕೇಳಿ. ಸಾ ಒತ್ತಿಸಿ, ನಿಮ್ಮ ಸಾ ಕೂಡಿಸಿ, ಆಮೇಲೆ ತಲೆಯಾಡಿಸಿ. ಅವರು ಸಿಡುಕಿದರೆ ಸಿಡುಕಲಿ.

ಲೀಡ್ ಗಿಟಾರ್ ಬಿಟ್ಟರೆ ಹಿನ್ನಡೆಯಾ ಅಂತ ನೀವು ಕೇಳಿದ್ದು ನನಗೆ ಅರ್ಥವಾಗಲೇ ಇಲ್ಲ. ಸಿನಿಮಾ ಹಾಡಿನ ತಂಡದಲ್ಲಿ ಲೀಡ್ ಗಿಟಾರ್ ಮೆರೆಯುವುದು ಎಷ್ಟು ಹಾಡಿನಲ್ಲಿ, ಎಷ್ಟು ಹೊತ್ತು? ಉಳಿದ ಹೊತ್ತು ಕೀಬೋರ್ಡಿನ ಸದ್ದಿನ ಕೆಳಗೆ ಕಾರ್ಡ್ ಉಜ್ಜುವುದು. ಬಾಸ್ ಮೊದಲಿಂದ ಕಡೆತನಕ ಇರುತ್ತದೆ. ಆದರೆ ಸೋತು ಇಳಿದವನಂತೆ ಹಿಡಿಯುವುದಾದರೆ ಬೇಡ, ಬೇರೆ ಯಾರಿಗಾದರೂ ಕೊಡಿ. ಹೆಬ್ಬೆರಳಿನಿಂದ ತಂತಿ ಬಡಿಯುವ ಸ್ಲ್ಯಾಪ್ ವಿಡಿಯೋ ನೋಡಿ ಆಸೆಪಟ್ಟಿದ್ದರೂ ಬೇಡ, ನಿವೃತ್ತಿ ಸಮಾರಂಭದಲ್ಲಿ ಅದನ್ನು ಕೇಳುವವರಿಲ್ಲ.

ಆಂಪ್ಲಿಫೈಯರ್ ಕೊಳ್ಳಬೇಡಿ, ಡಿಐ ಬಾಕ್ಸ್ ಒಂದು ಕೊಳ್ಳಿ. ಬಾಸ್ ಅದರ ಮೂಲಕ ನೇರ ಮಿಕ್ಸರಿಗೆ ಹೋಗುತ್ತದೆ, ಗ್ರೌಂಡ್ ಲಿಫ್ಟ್ (ಗ್ರೌಂಡ್ ವೈರಿನ ಸಂಪರ್ಕ ಬಿಡಿಸುವ) ಗುಂಡಿ ಇರುವುದನ್ನೇ ಆರಿಸಿ, ಜನರೇಟರ್ ಹಮ್ ಹೆಚ್ಚಾಗಿ ಅದರಲ್ಲೇ ನಿಲ್ಲುತ್ತದೆ. ಗೆಳೆಯನ ಗಿಟಾರ್ ಆಂಪಿಗೆ ಬಾಸ್ ಹಾಕಿ ಜೋರು ಮಾಡಿದರೆ ಅದರ ಸ್ಪೀಕರ್ ಹರಿದೀತು, ಗೆಳೆತನವೂ. ತಂತಿ ನಾನು ಹೈದರಾಬಾದಿನಿಂದ ತರಿಸುತ್ತೇನೆ, 220 ಕಿಲೋಮೀಟರ್ ದಾರಿ, ಯಾರಾದರೂ ಹೋಗುವವರು ಇದ್ದೇ ಇರುತ್ತಾರೆ. ಮೇ ತಿಂಗಳಲ್ಲಿ 42-43 ಡಿಗ್ರಿ ಬಿಸಿಲಿಗೆ ನಿಂತ ಕಾರಿನಲ್ಲಿ ವಾದ್ಯ ಬಿಟ್ಟು ಊಟಕ್ಕೆ ಹೋಗಬೇಡಿ, ಬರುವಷ್ಟರಲ್ಲಿ ಶ್ರುತಿ ಎಲ್ಲೋ ಇರುತ್ತದೆ.

ದುಡ್ಡು ಎಷ್ಟು ಸಿಗುತ್ತೆ ಅಂತ ಕಡೆಗೆ ಕೇಳಿದ್ದೀರಿ. ಟೆಂಪೋ ಬಾಡಿಗೆ, ಸೌಂಡ್‌ನವನ ಲೆಕ್ಕ ತೆಗೆದ ಮೇಲೆ ಉಳಿದದ್ದರಲ್ಲಿ ಹಿಸ್ಸೆ. ಒಳ್ಳೆಯ ಕಮಿಟಿ ಇದ್ದರೆ ರಾತ್ರಿ ತಹರಿ, ಇಲ್ಲದಿದ್ದರೆ ಸುಸ್ಲಾ-ಮಿರ್ಚಿ. ಕೇಬಲ್ ಮಾತ್ರ ಎರಡು ಇಟ್ಟುಕೊಳ್ಳಿ, ಉದ್ದದವು, ಮೇಲೆ ಬಣ್ಣದ ಟೇಪ್ ಸುತ್ತಿ. ಒಂದನ್ನು ಗಿಟಾರಿನವನು ಕೇಳದೆ ಒಯ್ಯುತ್ತಾನೆ.