ಹುಲ್ಲುಗಾವಲಿನ ಹೆದ್ದಾರಿಯಲ್ಲಿ ಒಂದು ದಿನ

ಪ್ರಶ್ನೆ: ಅಮೆರಿಕದ ದಕ್ಷಿಣ ಡಕೋಟಾವನ್ನು ಪೂರ್ವದಿಂದ ಪಶ್ಚಿಮಕ್ಕೆ ಕಾರಿನಲ್ಲಿ ಒಂದೇ ದಿನದಲ್ಲಿ ದಾಟಬೇಕೆಂದಿದ್ದೇವೆ. ಬರೀ ಬಯಲು, ಬೇಸರವಾಗುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ಆ ಮಾತನ್ನು ನಾನು ಒಪ್ಪುವುದಿಲ್ಲ. ಸೂ ಫಾಲ್ಸ್‌ನಿಂದ ರ‍್ಯಾಪಿಡ್ ಸಿಟಿಗೆ ಐ-90 ಹೆದ್ದಾರಿಯಲ್ಲಿ ಸುಮಾರು 560 ಕಿಲೋಮೀಟರ್ ಇದ್ದು, ಬೆಳಿಗ್ಗೆ ಬೇಗ ಹೊರಟರೆ ಆತುರವಿಲ್ಲದೆ ಸಾಗಬಹುದು. ಮೊದಲರ್ಧದಲ್ಲಿ ಮೆಕ್ಕೆಜೋಳ, ಸೋಯಾಬೀನ್ ಹೊಲಗಳೇ ಹೆಚ್ಚು. ಚೇಂಬರ್‌ಲೇನ್ ಬಳಿ ಮಿಸ್ಸೌರಿ ನದಿ ಎದುರಾದಾಗ ದಯವಿಟ್ಟು ಕಾರನ್ನು ನಿಲ್ಲಿಸಿ, ದಿಬ್ಬದ ಮೇಲಿನ ವಿಶ್ರಾಂತಿ ತಾಣದಿಂದ ಎರಡೂ ದಡಗಳನ್ನು ನೋಡಿ. ಹಿಮಯುಗದ ಹಿಮನದಿಗಳು ಪೂರ್ವ ಭಾಗವನ್ನು ಉಜ್ಜಿ, ಮಣ್ಣು ಹಾಸಿ ಹೋದವು. ಅವುಗಳ ಅಂಚು ಸರಿಸುಮಾರು ಈ ನದಿಯ ಸಾಲಿನಲ್ಲೇ ನಿಂತದ್ದರಿಂದ, ಆಚೆಗಿನ ನೆಲ ಒಣಗಿದ ಅಲೆಗಳಂತೆ ಏರಿಳಿಯುತ್ತದೆ, ಹೊಲಗಳು ವಿರಳವಾಗಿ ಮೇವಿನ ಹುಲ್ಲು ಹಬ್ಬುತ್ತದೆ. ಈ ಬದಲಾವಣೆಯನ್ನು ಕಣ್ಣಾರೆ ಕಾಣುವುದೇ ಇಡೀ ಪ್ರಯಾಣದ ಸೊಗಸು ಎಂದು ನನಗನ್ನಿಸುತ್ತದೆ.

ಮುಂದೆ ಕಾಲವಲಯ ಬದಲಾಗಿ ನಿಮಗೆ ಒಂದು ಗಂಟೆ ಹೆಚ್ಚುವರಿಯಾಗಿ ಸಿಗುತ್ತದೆ. ಅದನ್ನು ಬ್ಯಾಡ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ಒಳದಾರಿಗೆ ಮೀಸಲಿಡಿ; ಸಂಜೆಯ ಓರೆಬಿಸಿಲಿನಲ್ಲಿ ಅಲ್ಲಿನ ಮಣ್ಣಿನ ಪದರಗಳ ಬಣ್ಣ ಎದ್ದು ಕಾಣುತ್ತದೆ. ಕಾಡೆಮ್ಮೆಯಂಥ ಬೈಸನ್ ಕಂಡರೆ ಸಾಕಷ್ಟು ದೂರವಿರಲೇಬೇಕು.

ಕೆಲವೆಡೆ ಗಂಟೆಗೆ 80 ಮೈಲಿ ವೇಗಕ್ಕೆ ಅನುಮತಿಯಿದ್ದರೂ ಅಡ್ಡಗಾಳಿ ಬೀಸುವಾಗ ನಿಧಾನಿಸಿ. ಬೇಸಿಗೆಯ ಮಧ್ಯಾಹ್ನದ ಮೇಲೆ ಆಲಿಕಲ್ಲು ಮಳೆ ಬರುವುದುಂಟು, ಆದ್ದರಿಂದ ಹವಾಮಾನ ಮುನ್ಸೂಚನೆಯನ್ನು ನೋಡುತ್ತಿರಿ. ಟ್ಯಾಂಕ್ ಅರ್ಧಕ್ಕಿಳಿದಾಗಲೇ ಇಂಧನ ತುಂಬಿಸಿಕೊಳ್ಳಿ.